ಹೊಟ್ಟಿನ ಬುಟ್ಟಿಯಲ್ಲಿ ಇಪ್ಪತ್ತೊಂದು ದಿನ

ಕರೆಂಟಿಲ್ಲದ ಮನೆಗಳಲ್ಲಿ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದು ಹೇಗೆಂದು ಊರೂರು ತಿರುಗಿ ತೋರಿಸುವುದೇ ನನ್ನ ನೌಕರಿಯ ಬಹುಪಾಲು ಆಗಿತ್ತು. ಪಶುಸಂಗೋಪನೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗ ಬಳ್ಳಾರಿಯ ನನ್ನ ಮನೆಗೆ ಬಂದು ಕೂತರೆ ಕೇಳುವುದು ಎರಡೇ ಮಾತು. ಎಲ್ಲಿಗೆ ವರ್ಗವಾದರೆ ಒಳ್ಳೆಯದು, ಯಾವ ಪರೀಕ್ಷೆ ಪಾಸಾದರೆ ಬೇಗ ಮೇಲೆ ಹೋಗಬಹುದು. ಅದರಲ್ಲಿ ನನ್ನ ಅನುಭವ ಕಡಿಮೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರು ಬಸ್‌ಸ್ಟ್ಯಾಂಡುಗಳ ನಡುವೆಯೇ ನನ್ನ ಸರ್ವೀಸು ಮುಗಿದುಹೋಯಿತು. ನನಗೆ ಗೊತ್ತಿರುವುದು ಮೊಟ್ಟೆ. ಅದನ್ನೇ ಬರೆಯುತ್ತೇನೆ. ನಾನು ಹಾಳುಮಾಡಿದ ಮೊಟ್ಟೆಗಳಿಂದಲೇ ಶುರುಮಾಡುತ್ತೇನೆ.

ಮೊದಲು ಒಂದು ವಿಷಯ ಹೇಳಿಬಿಡಬೇಕು. ಜವಾರಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿನ ಕಾವು, ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ ತಿರುಗಾಟ. ಅಷ್ಟೂ ದಿನ ಅದು ಮತ್ತೆ ಮೊಟ್ಟೆ ಇಡುವುದಿಲ್ಲ. ಆ ಕಾವಿನ ಕೆಲಸವನ್ನು ನಾವು ಬೇರೆಲ್ಲಾದರೂ ಮಾಡಿಸಿದರೆ ಕೋಳಿ ಬೇಗ ಮೊಟ್ಟೆಗೆ ಮರಳುತ್ತದೆ, ಮನೆಯ ಹೆಂಗಸಿನ ಕೈಗೆ ನಾಲ್ಕು ಮರಿ ಹೆಚ್ಚು ಸಿಗುತ್ತವೆ. ಕರೆಂಟಿನ ಯಂತ್ರ ಪೇಟೆಯಲ್ಲಿ ಆಗಲೂ ಇತ್ತು. ಆದರೆ ಹೊಲದ ಮನೆಗಳಿಗೆ ಕರೆಂಟೇ ಇರಲಿಲ್ಲ. ಇದ್ದ ಊರುಗಳಲ್ಲಿ ಅದು ತನಗೆ ತಿಳಿದ ಹೊತ್ತಿಗೆ ಬಂದು ಹೋಗುತ್ತಿತ್ತು. ಮೊಟ್ಟೆಗೆ ಹಾಗೆ ಬಂದು ಹೋಗುವ ಕಾವು ಆಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮೇಲಿನಿಂದ ಒಂದು ನಕ್ಷೆ ಬಂತು. ತಗಡಿನ ಪೆಟ್ಟಿಗೆ, ಅದರ ಅಡಿಗೆ ಸೀಮೆಎಣ್ಣೆಯ ದೀಪ, ಒಳಗೆ ಮೊಟ್ಟೆ ಇಡಲು ಜಾಲರಿ, ಪಕ್ಕದಲ್ಲಿ, ಜಾಲರಿಗಿಂತ ಕೆಳಗೆ, ಥರ್ಮಾಮೀಟರ್ ತೂರಿಸಲು ಒಂದು ತೂತು. ನಕ್ಷೆ ಬರೆದವರು ಯಾವುದೋ ತಂಪು ಸೀಮೆಯವರು. ಬಳ್ಳಾರಿಯ ಬಜಾರಿನಲ್ಲಿ ಟ್ರಂಕು, ಬಕೆಟ್ಟು ಮಾಡುತ್ತಿದ್ದ ಮಾಬುಸಾಬರ ಅಂಗಡಿಗೆ ಅದನ್ನು ತೆಗೆದುಕೊಂಡು ಹೋದೆ. ಅವರು ಕಾಗದವನ್ನು ಮೊಣಕಾಲ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡಿದರು.

‘ಮೇಡಂ, ನಮ್ಮೂರ ಬಿಸಲಾಗ ತಗಡು ರೊಟ್ಟಿ ಹಂಚು ಆಗ್ತೈತಿ. ಮ್ಯಾಲ ಗಾಳಿ ಹೋಗಾಕ ಇನ್ನೊಂದೆರಡು ತೂತು ಹೊಡೀಲೇನ್ರಿ?’ ಎಂದರು.

‘ನಕ್ಷೆಯಾಗ ಇಲ್ಲಲ್ರಿ’ ಎಂದೆ.

‘ನಕ್ಷೆಯಾಗ ಬಳ್ಳಾರಿನೂ ಇಲ್ಲ’ ಎಂದು ಅವರು ಮೆಲ್ಲಗೆ ಅಂದರು. ಆದರೂ ನಾನು ಹೇಳಿದಂತೆಯೇ ಮಾಡಿಕೊಟ್ಟರು. ಬೆಸುಗೆ ಎಷ್ಟು ಚೊಕ್ಕ ಇತ್ತೆಂದರೆ ಆ ಪೆಟ್ಟಿಗೆಯಲ್ಲಿ ನೀರು ತುಂಬಿಟ್ಟರೂ ಸೋರುತ್ತಿರಲಿಲ್ಲ.

ಪೆಟ್ಟಿಗೆಯನ್ನು ಬಳ್ಳಾರಿ ಹತ್ತಿರದ ಕೊಳಗಲ್ಲಿನ ಹಂಪಮ್ಮನ ಮನೆಯಲ್ಲಿ ಇಟ್ಟೆ. ಹಂಪಮ್ಮನಿಗೆ ಆಗ ನಲವತ್ತರ ಆಸುಪಾಸು. ಊರಲ್ಲಿ ಅವಳ ಕೋಳಿಗಳಷ್ಟು ಗಟ್ಟಿ ಕೋಳಿ ಯಾರ ಮನೆಯಲ್ಲೂ ಇರಲಿಲ್ಲ, ಹಾಗಾಗಿ ಅವಳ ಮಾತಿಗೆ ಬೆಲೆ ಇತ್ತು. ಅವಳು ಕೇಳಿದ್ದಕ್ಕೆ ಅಕ್ಕಪಕ್ಕದ ನಾಲ್ಕು ಮನೆಯವರು ತಮ್ಮ ಮೊಟ್ಟೆಗಳನ್ನೂ ಕೊಟ್ಟರು. ಒಟ್ಟು ನಲವತ್ತೆಂಟು ಮೊಟ್ಟೆ ಇಟ್ಟೆವು. ಯಾವ ಮನೆಯದು ಯಾವುದು ಎಂದು ತಿಳಿಯಲು ಹಂಪಮ್ಮ ಇದ್ದಿಲಿನಿಂದ ಒಂದೊಂದರ ಮೇಲೂ ಗುರುತು ಹಾಕಿದಳು. ಆಗ ಬೇಸಿಗೆ ಕಾಲಿಡುತ್ತಿತ್ತು.

ನಾನು ಎರಡು ದಿನಕ್ಕೊಮ್ಮೆ ಹೋಗಿ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದೆ. ಒಂಬತ್ತನೆಯ ದಿನ ಹೋದಾಗ ಹಂಪಮ್ಮ ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಒತ್ತಿಕೊಂಡಳು.

‘ತತ್ತಿ ಕಣ್ಣಿಗೆ ಸುಡಾಕತ್ತಾವ್ರಿ ಮೇಡಂ’ ಎಂದಳು.

ನಾನು ಥರ್ಮಾಮೀಟರ್ ತೋರಿಸಿದೆ. ‘ಇಲ್ಲಿ ನೋಡ್ರಿ, ಸರಿ ಐತಿ. ಕಣ್ಣಿಗೇನು ಗೊತ್ತಾಗ್ತೈತಿ?’

ಅವಳು ಮೊಟ್ಟೆಯನ್ನು ಒಳಗಿಟ್ಟಳು. ಓದಿದವಳು ನಾನು, ಹೇಳುವವಳು ನಾನು ಎಂದು ಅವಳು ನಂಬಿದ್ದಳು. ನಾನೂ ಅದನ್ನೇ ನಂಬಿದ್ದೆ.

ಇಪ್ಪತ್ತೊಂದನೆಯ ದಿನ ಒಂದು ಚಿಪ್ಪೂ ಬಿರಿಯಲಿಲ್ಲ. ಇನ್ನೂ ಎರಡು ದಿನ ಕಾದು ಒಡೆದು ನೋಡಿದೆವು. ಹತ್ತು ಹನ್ನೊಂದು ದಿನದಷ್ಟು ಬೆಳೆದ ಮರಿಗಳು ಒಳಗೇ ಬೆಂದು ಸತ್ತಿದ್ದವು. ನಾಲ್ಕೂ ಮನೆಯ ಹೆಂಗಸರು ಸುತ್ತ ನಿಂತಿದ್ದರು. ಯಾರೂ ನನ್ನನ್ನು ಬಯ್ಯಲಿಲ್ಲ, ನಾನು ಸರಕಾರದವಳು. ಅವರು ನೋಡಿದ್ದು ಹಂಪಮ್ಮನ ಕಡೆಗೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂದೇಟು ಹಾಕುತ್ತದೆ. ಬಳ್ಳಾರಿಗೆ ಬಂದು ವರದಿ ಬರೆದೆ. ‘ಫಲಾನುಭವಿಯು ದೀಪವನ್ನು ಅಜಾಗರೂಕತೆಯಿಂದ ನಿರ್ವಹಿಸಿದ್ದರಿಂದ ಮೊಟ್ಟೆಗಳು ಹಾಳಾಗಿರುತ್ತವೆ.’ ಇದು ಸುಳ್ಳು ಎಂದು ಬರೆಯುವಾಗ ನನಗೆ ಅನ್ನಿಸಲಿಲ್ಲ. ಥರ್ಮಾಮೀಟರ್ ಸರಿ ಇತ್ತು, ನಕ್ಷೆ ಸರಿ ಇತ್ತು, ನಾನು ಸರಿ ಇದ್ದೆ. ಹಾಗಾದರೆ ಉಳಿದವಳು ಅವಳೊಬ್ಬಳೇ ತಾನೆ.

ನಮ್ಮ ಮೇಲಧಿಕಾರಿ ಡಾಕ್ಟರ್ ಬಸವನಗೌಡರು. ಎತ್ತರದ ಆಳು, ಮಾತು ಕಡಿಮೆ. ಅವರು ವರದಿ ಓದಿ ನನ್ನನ್ನು ಕರೆಸಿದರು.

‘ಸುಂಕಮ್ಮ, ನೀನು ಆ ಮನಿಯಾಗ ದಿನಾ ಎಷ್ಟೊತ್ತು ಕುಂದ್ರತಿದ್ದಿ?’

‘ಎರಡು ದಿನಕ್ಕ ಒಮ್ಮಿ ಅರ್ಧ ತಾಸು ಸರ್.’

‘ಆಕಿ?’

ಅವರು ವರದಿಯನ್ನು ಮಡಚಿಟ್ಟರು.

‘ಪೆಟ್ಟಿಗಿ ತರಸು’ ಎಂದರು.

ಪೆಟ್ಟಿಗೆ ಬಂತು. ಕಚೇರಿಯ ವರಾಂಡದಲ್ಲಿಟ್ಟು ದೀಪ ಹಚ್ಚಿಸಿದರು. ತೂತಿನಲ್ಲಿ ಒಂದು ಥರ್ಮಾಮೀಟರ್ ಇತ್ತು. ಇನ್ನೊಂದನ್ನು ಜಾಲರಿಯ ಮೇಲೆ, ಮೊಟ್ಟೆಯ ತಲೆಯ ಮಟ್ಟಕ್ಕೆ ತಾವೇ ದಾರದಿಂದ ಕಟ್ಟಿದರು. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದಾಗ ಕೆಳಗಿನ ತೂತಿನದು ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದ ಅಂಕಿಯನ್ನೇ ತೋರಿಸುತ್ತಿತ್ತು. ಮೇಲಿನದು ಮೊಟ್ಟೆ ಬೇಯುವ ಬಿಸಿ ತೋರಿಸುತ್ತಿತ್ತು. ತಗಡಿನ ಪೆಟ್ಟಿಗೆಯೊಳಗೆ ಗಾಳಿ ಆಡುವುದಿಲ್ಲ, ಬಿಸಿಯೆಲ್ಲ ಮೇಲೆ ಏರಿ ನಿಲ್ಲುತ್ತದೆ. ಮೊಟ್ಟೆ ಇರುವ ಮಟ್ಟದಲ್ಲಿ ಅಳೆಯಬೇಕೆಂಬುದು ಮೊದಲ ಪಾಠ. ಅದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ.

ಬಸವನಗೌಡರು ನನ್ನ ವರದಿಯನ್ನು ನನ್ನ ಕೈಗೇ ಕೊಟ್ಟರು. ‘ಇದನ್ನ ಹರಿದು ಹಾಕೋದು ಸುಲಭ. ಆ ಊರಾಗ ಹೋಗಿ ಹೇಳೋದು ಕಷ್ಟ. ನಿನಗ ಯಾವ್ದು ಆಗ್ತೈತಿ ನೋಡು’ ಎಂದರು. ಅಷ್ಟೇ. ಮೆಮೊ ಕೊಡಲಿಲ್ಲ, ನಾಲ್ಕು ಜನರ ಮುಂದೆ ಎತ್ತಿ ಆಡಲಿಲ್ಲ. ಅವರು ಅವತ್ತು ಕೂಗಾಡಿದ್ದರೆ ನಾನು ಅವರ ಮೇಲೆ ಸಿಟ್ಟುಮಾಡಿಕೊಂಡು ಹಂಪಮ್ಮನನ್ನು ಮರೆತುಬಿಡುತ್ತಿದ್ದೆನೋ ಏನೋ.

ಮರುದಿನ ಕೊಳಗಲ್ಲಿಗೆ ಹೋದೆ. ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು, ಹಂಪಮ್ಮ ಸಾಲಿನ ಕೊನೆಯಲ್ಲಿ ಒಬ್ಬಳೇ ಇದ್ದಳು. ಮೊಟ್ಟೆ ಕೊಟ್ಟ ನಾಲ್ಕು ಮನೆಯವರಲ್ಲಿ ಮೂವರು ಅಲ್ಲಿದ್ದರು. ಅಲ್ಲಿಯೇ ಹೇಳಿದೆ. ತತ್ತಿ ಸುಡುತ್ತಿವೆ ಎಂದು ಈಕೆ ನನಗೆ ಹೇಳಿದ್ದಳು, ನಾನು ಕೇಳಲಿಲ್ಲ, ಅಳತೆ ಕಡ್ಡಿಯನ್ನು ತಪ್ಪು ಜಾಗದಲ್ಲಿ ಇಟ್ಟವಳು ನಾನು, ಮರಿ ಸತ್ತಿದ್ದು ನನ್ನಿಂದ ಎಂದೆ. ಹೇಳುತ್ತಾ ಹೋದಂತೆ ಮಾತು ಉದ್ದವಾಯಿತು.

ಹಂಪಮ್ಮ ಕೊಡ ಎತ್ತಿಕೊಂಡು ನನ್ನ ಹತ್ತಿರ ಬಂದಳು. ‘ಬಿಸಲಾಗ ನಿಂತು ಎಷ್ಟೊತ್ತು ಹೇಳ್ತಿಯವ್ವ, ಮನಿಗೆ ಬಾ’ ಎಂದಳು. ಅಲ್ಲಿಯವರೆಗೆ ಅವಳು ನನ್ನನ್ನು ‘ಮೇಡಂ’ ಎನ್ನುತ್ತಿದ್ದಳು.

ಮನೆಯಲ್ಲಿ ಕಾವಿಗೆ ಕೂತ ಒಂದು ಕೋಳಿ ಇತ್ತು. ಅದರ ಹೊಟ್ಟೆಯ ಅಡಿಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದು ನನ್ನ ಮುಚ್ಚಿದ ಕಣ್ಣಿನ ಮೇಲೆ ಇಟ್ಟಳು.

‘ಹಿಂಗಿರಬೇಕು. ತಣ್ಣಗನೂ ಅಲ್ಲ, ಚುರುಕ್ ಅನ್ನಂಗೂ ಇಲ್ಲ. ನಮ್ಮವ್ವ ತೋರಿಸಿದ್ದು. ಕೈಗೆ ಗೊತ್ತಾಗಂಗಿಲ್ಲ, ನಮ್ಮ ಕೈ ದಡ್ಡು ಕಟ್ಟಿರ್ತಾವ. ಕಣ್ಣಿನ ತೊಗಲು ಮೆತ್ತಗಿರತೈತಿ, ಅದಕ್ಕ ಗೊತ್ತಾಗ್ತೈತಿ.’

ಆ ಬಿಸುಪನ್ನು ಅವತ್ತು ಕಲಿತವಳು ಮತ್ತೆ ಮರೆಯಲಿಲ್ಲ. ಮುಂದೆ ಎಷ್ಟೋ ಥರ್ಮಾಮೀಟರುಗಳು ನನ್ನ ಕೈಯಲ್ಲಿ ಕೆಟ್ಟವು, ಒಡೆದವು. ರೆಪ್ಪೆ ಮೋಸ ಮಾಡಲಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟು: ಥರ್ಮಾಮೀಟರ್ ಇಡಿ, ಸರಿಯಾದ ಮಟ್ಟದಲ್ಲಿ ಇಡಿ. ಆದರೆ ಇಡೀ ದಿನ ಮೊಟ್ಟೆಯ ಪಕ್ಕದಲ್ಲಿರುವವಳು ಏನಾದರೂ ಹೇಳಿದರೆ ಕಡ್ಡಿಯನ್ನು ಬಿಟ್ಟು ಮೊದಲು ಅವಳ ಕಡೆ ತಿರುಗಿ.

ಮಾಬುಸಾಬರ ಹತ್ತಿರ ಹೋಗಿ ಮೇಲೆ ನಾಲ್ಕು ತೂತು ಹೊಡೆಸಿದೆ. ‘ಈಗ ನಕ್ಷೆಯಾಗ ಬಂದೈತೇನ್ರಿ?’ ಎಂದು ಕೇಳಿ ನಕ್ಕರು, ಕೂಲಿ ತೆಗೆದುಕೊಳ್ಳಲಿಲ್ಲ. ಚಳಿಗಾಲದಲ್ಲಿ ಆ ಪೆಟ್ಟಿಗೆ ಸುಮಾರಾಗಿ ಕೆಲಸ ಮಾಡಿತು. ಹಂಪಮ್ಮನ ನೆರೆಯ ನಾಲ್ಕೂ ಮನೆಗೆ ಮೊದಲ ಮರಿಗಳು ಹೋದವು. ಆದರೆ ಮುಂದೆ ಸೀಮೆಎಣ್ಣೆ ಸಿಗುವುದೇ ಕಷ್ಟವಾಯಿತು. ಮನೆಯ ದೀಪಕ್ಕೇ ಸಾಲದ ಎಣ್ಣೆಯನ್ನು ಕೋಳಿಮೊಟ್ಟೆಗೆ ಸುಡಿ ಎನ್ನಲು ನನಗೂ ಬಾಯಿ ಬರಲಿಲ್ಲ.

ಬಸವನಗೌಡರು ಒಂದು ದಿನ ಜೇಬಿನಿಂದ ಒಂದು ಹಿಡಿ ಭತ್ತದ ಹೊಟ್ಟು ತೆಗೆದು ನನ್ನ ಮೇಜಿನ ಮೇಲೆ ಸುರಿದರು. ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದೆ ಗುಡ್ಡಗುಡ್ಡವಾಗಿ ಬಿದ್ದಿರುತ್ತಿದ್ದ ಅದೇ ಹೊಟ್ಟು.

‘ಬ್ಯಾರೆ ದೇಶದಾಗ ಬಾತುಕೋಳಿ ತತ್ತೀನ ಇದರಾಗ ಮುಚ್ಚಿ ಮರಿ ಮಾಡಿಸ್ತಾರಂತ. ಹೊಟ್ಟು ಬಿಸಿ ಮಾಡಿ ಅರಿವಿಯಾಗ ಕಟ್ಟಿ ತತ್ತಿ ನಡುವ ಇಡೋದು. ಬಿಸಿ ಹೊರಗ ಹೋಗಾಕ ಬಿಡಂಗಿಲ್ಲ ಇದು. ನಮ್ಮ ಕಡಿ ಭತ್ತಕ್ಕ ಬರ ಇಲ್ಲ, ಹೊಟ್ಟಿಗೂ ಬರ ಇಲ್ಲ. ಮಾಡಿ ನೋಡು’ ಎಂದರು. ಎಲ್ಲಿಂದಲೋ ತರಿಸಿದ್ದ ಟೈಪು ಮಾಡಿದ ನಾಲ್ಕು ಹಾಳೆ ಕೊಟ್ಟರು. ‘ಈ ಸಲ ಹಾಳಿ ನಂಬಬ್ಯಾಡ, ಹಾಳಿ ಜೊತಿಗೆ ಒಬ್ಬ ಶಾಣ್ಯಾಕಿನ್ನ ಹುಡುಕು.’

ಆ ಶಾಣ್ಯಾಕಿ ಸಿಕ್ಕಿದ್ದು ಕುರುಗೋಡಿನ ಹತ್ತಿರದ ಬಾದನಹಟ್ಟಿಯಲ್ಲಿ, ಊರ ಹೊರಗಿನ ಹೊಲದ ಮನೆಯಲ್ಲಿ. ಅವಳ ಹೆಸರು ಖಾಸಿಂಬಿ. ಗಂಡ ರಾಜಾಸಾಬ ಗಾದಿ ತುಂಬುವ ಮನೆತನದವನು. ಹತ್ತಿ ಹಿಂಜಿ ಗಾದಿ, ದಿಂಬು ತುಂಬುತ್ತಿದ್ದ, ಅದರ ಜೊತೆಗೆ ಬೇರೆಯವರ ಮೆಣಸಿನಕಾಯಿ ಹೊಲ ಕಾಯುತ್ತಿದ್ದ. ಖಾಸಿಂಬಿಗೆ ನನಗಿಂತ ಏಳೆಂಟು ವರ್ಷ ಕಡಿಮೆ. ಕೋಳಿ ಸಾಕಿದ್ದಳು, ಕರೆಂಟು ಇರಲಿಲ್ಲ. ಏನು ಹೇಳಿದರೂ ಮೊದಲು ‘ಯಾಕ್ರಿ?’ ಎಂದು ಕೇಳುತ್ತಿದ್ದಳು. ಎರಡು ಭೇಟಿಯಲ್ಲೇ ನನಗೆ ಗೊತ್ತಾಯಿತು, ಬಸವನಗೌಡರು ಹೇಳಿದವಳು ಇವಳೇ.

ಮೊದಲ ಸಲ ಹೊಟ್ಟಿನ ಎರಡು ಚೀಲವನ್ನು ಸಿರುಗುಪ್ಪದಿಂದ ಬಸ್ಸಿನಲ್ಲಿ ನಾನೇ ತಂದೆ. ಕಂಡಕ್ಟರು ಚೀಲ ಎತ್ತಿ ನೋಡಿ, ‘ಇದ್ರಾಗ ಏನೈತ್ರಿ, ಒಜ್ಜಿನ ಇಲ್ಲ?’ ಎಂದ. ಹೊಟ್ಟು ಎಂದೆ. ‘ಹೊಟ್ಟು ಹೊತ್ತೊಯ್ಯಾಕ ಸರಕಾರ ಪಗಾರ ಕೊಡ್ತೈತೇನ್ರಿ?’ ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದ. ಜನ ನಕ್ಕರು. ಚೀಲದ ಬಾಯಿ ಬಿಚ್ಚಿಕೊಂಡು ಅರ್ಧ ಹೊಟ್ಟು ಕಿಟಕಿಯ ಗಾಳಿಗೆ ಹಾರಿ ಅದೇ ಜನರ ತಲೆಯ ಮೇಲೆಲ್ಲ ಕೂತಿತು. ಕುರುಗೋಡಿನಲ್ಲಿ ಇಳಿಯುವಾಗ ಯಾರೂ ನಗುತ್ತಿರಲಿಲ್ಲ.

ಹಸಿ ಇಟ್ಟಿಗೆಯಿಂದ ಸೊಂಟದೆತ್ತರದ ಒಂದು ಗೂಡು ಕಟ್ಟಿ, ಒಳಗೆ ಎರಡು ಆಳವಾದ ಬಿದಿರ ಬುಟ್ಟಿ ಇಳಿಸಿ, ಸುತ್ತ ಹೊಟ್ಟು ತುಂಬಿದೆವು. ಮೊಟ್ಟೆಗಳನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಗಂಟು ಮಾಡಿದೆವು. ಬಾಣಲೆಯಲ್ಲಿ ಹೊಟ್ಟು ಬೆಚ್ಚಗೆ ಮಾಡಿ ಅದನ್ನೂ ಗಂಟು ಕಟ್ಟಿ, ಒಂದು ಮೊಟ್ಟೆಯ ಗಂಟು, ಒಂದು ಬಿಸಿ ಹೊಟ್ಟಿನ ಗಂಟು, ಹೀಗೆ ಬುಟ್ಟಿಯೊಳಗೆ ಪೇರಿಸಿದೆವು. ದಿನಕ್ಕೆ ನಾಲ್ಕೈದು ಸಲ ಎಲ್ಲವನ್ನೂ ಹೊರತೆಗೆದು ಮೊಟ್ಟೆ ಹೊರಳಿಸಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಡಬೇಕು. ಇದು ಹದಿನೆಂಟು ದಿನ. ಕೊನೆಯ ಮೂರು ದಿನ ಹೊರಳಿಸುವಂತಿಲ್ಲ. ಹೊಟ್ಟಿನ ಹಾಸಿಗೆಯ ಮೇಲೆ ಮೊಟ್ಟೆಗಳನ್ನು ಹರಡಿ, ಹೊದಿಸಿ, ಕಾಯಬೇಕು.

ಹಾಳೆಯಲ್ಲಿ ಹೊದಿಕೆಗೆ ಗೋಣಿಚೀಲ ಎಂದಿತ್ತು. ಖಾಸಿಂಬಿ ಚೀಲವನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. ‘ಗಾದಿ ತುಂಬೋರ ಮನಿಯಾಗ ಗೋಣಿಚೀಲ ಹೊಚ್ಚತಾರೇನ್ರಿ ಅಕ್ಕಾರ?’ ಎಂದು ಬುಟ್ಟಿಯ ಬಾಯಿಯ ಅಳತೆಗೆ ಹತ್ತಿಯ ದುಂಡನೆಯ ಗಾದಿ ಹೊಲಿದಳು. ಅದನ್ನು ಮುಚ್ಚಿದ ಮೇಲೆ ಬುಟ್ಟಿಯ ಬಿಸಿ ಎರಡರಷ್ಟು ಹೊತ್ತು ನಿಲ್ಲುತ್ತಿತ್ತು. ನಾನು ಅದನ್ನು ಬರೆದುಕೊಂಡೆ, ಅವಳ ಹೆಸರಿನ ಸಮೇತ. ಅಷ್ಟು ಬುದ್ಧಿ ನನಗೆ ಆಗ ಬಂದಿತ್ತು.

ಮೊಟ್ಟೆಯೊಳಗೆ ಮರಿ ಕೂಡಿದೆಯೋ ಇಲ್ಲವೋ ನೋಡಲು ಟಾರ್ಚು ಬೇಕೆಂದೆ. ಅವಳು ಬಾಗಿಲು ಮುಚ್ಚಿ ಕತ್ತಲು ಮಾಡಿದಳು. ಬಾಗಿಲ ಹಲಗೆಯಲ್ಲಿ ಮರದ ಗಂಟು ಕಳಚಿಬಿದ್ದಿದ್ದ ತೂತಿನಿಂದ ಬಿಸಿಲು ಒಳಕ್ಕೆ ಚೂಪಾಗಿ ಬರುತ್ತಿತ್ತು. ಅದಕ್ಕೆ ಮೊಟ್ಟೆ ಹಿಡಿದಾಗ ಒಳಗೆ ಕೆಂಪು ನರಗಳು ಜೇಡನ ಬಲೆಯಂತೆ ಕಂಡವು. ನಾನು ಎಷ್ಟೋ ಸಲ ನೋಡಿದ್ದ ದೃಶ್ಯ ಅದು. ಅವಳು ಮೊದಲ ಸಲ ನೋಡುತ್ತಿದ್ದಳು, ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದಳು.

ಮೊದಲ ಸಲ ಅರವತ್ತು ಮೊಟ್ಟೆಗೆ ಬಂದ ಮರಿ ಹನ್ನೊಂದು. ನನ್ನ ಮುಖ ಸಣ್ಣದಾಯಿತು, ಕೊಳಗಲ್ಲು ನೆನಪಾಯಿತು. ಖಾಸಿಂಬಿ ಮಾತ್ರ ಹನ್ನೊಂದನ್ನೂ ಮಡಿಲಲ್ಲಿ ಹಾಕಿಕೊಂಡು, ‘ಕೋಳಿ ಇಲ್ದ ಹನ್ನೊಂದು ಬಂದಾವಲ್ರಿ’ ಎಂದಳು. ಸತ್ತವುಗಳನ್ನು ಒಂದೊಂದಾಗಿ ಒಡೆದು ಯಾವುದು ಯಾವ ದಿನ ಸತ್ತಿರಬಹುದು, ಯಾಕೆ ಎಂದು ಇಬ್ಬರೂ ಕೂತು ನೋಡಿದೆವು. ಬಿಸಿ ಹೊಟ್ಟು ತಾಗಿದ ಪಕ್ಕದವು ಬೆಂದಿದ್ದವು. ಕೆಲವು ಮೊಟ್ಟೆ ಇಡುವಾಗಲೇ ಹಳೆಯವು. ಮುಂದಿನ ಸಲ ವಾರದೊಳಗಿನ ಮೊಟ್ಟೆಯನ್ನೇ ಆರಿಸಿಕೊಂಡೆವು. ಹೊಟ್ಟಿನ ಗಂಟನ್ನು ಮೊದಲು ಕಣ್ಣಿಗೆ ಒತ್ತಿ ನೋಡಿ, ಆಮೇಲೆ ಬುಟ್ಟಿಗೆ ಇಳಿಸಿದೆವು. ಮೂರನೆಯ ಸಲಕ್ಕೆ ಅರ್ಧಕ್ಕಿಂತ ಹೆಚ್ಚು ಮರಿ ಆದವು.

ಆ ವರ್ಷದ ಮಳೆಗಾಲದಲ್ಲಿ ನಡೆದದ್ದನ್ನು ನಾನು ಎಲ್ಲ ತರಬೇತಿಗಳಲ್ಲೂ ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಮರಿ ಸಿಗುತ್ತಿರಲಿ ಎಂದು ಹನ್ನೆರಡು ಹದಿಮೂರು ದಿನಕ್ಕೊಮ್ಮೆ ಹೊಸ ಮೊಟ್ಟೆ ಇಡುವ ರೂಢಿ ಮಾಡಿಕೊಂಡಿದ್ದೆವು. ಒಂದು ಬುಟ್ಟಿಯಲ್ಲಿ ಹದಿನಾರು ದಿನದ ಮೊಟ್ಟೆ, ಇನ್ನೊಂದರಲ್ಲಿ ಮೂರು ದಿನದವು ಇದ್ದಾಗ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಆ ಸಲ ಬಂದದ್ದು ಬಿಡಲಿಲ್ಲ. ಹಳ್ಳ ಬಂದು ಬಾದನಹಟ್ಟಿಯ ಹೊಲದ ದಾರಿ ಮುಚ್ಚಿತು. ಆಗ ಅವರ ಹತ್ತಿರ ಫೋನೂ ಇರಲಿಲ್ಲ. ನಾನು ಎರಡು ದಿನ ಕುರುಗೋಡಿನವರೆಗೆ ಹೋಗಿ ಹೋಗಿ ಹಿಂದಿರುಗಿದೆ. ಸೌದೆ ನೆನೆದಿರುತ್ತದೆ, ಹೊಟ್ಟು ನೆನೆದಿರುತ್ತದೆ, ಒಲೆ ಹತ್ತಿರುವುದಿಲ್ಲ, ಮೊಟ್ಟೆ ತಣ್ಣಗಾಗಿರುತ್ತವೆ ಎಂದು ಲೆಕ್ಕ ಹಾಕಿಯೇ ಮೂರನೆಯ ದಿನ ನೀರು ಇಳಿದ ಮೇಲೆ ಸೀರೆ ಎತ್ತಿಕಟ್ಟಿಕೊಂಡು ಹಳ್ಳ ದಾಟಿದೆ.

ಮನೆಯ ಒಂದು ಮೂಲೆ ಸೋರುತ್ತಿತ್ತು. ರಾಜಾಸಾಬ ಗೋಡೆಗೆ ಗೋಣಿಯ ತಟ್ಟು ಕಟ್ಟುತ್ತಿದ್ದ. ಒಲೆಯಲ್ಲಿ ಬೂದಿ ಒದ್ದೆಯಾಗಿತ್ತು. ಖಾಸಿಂಬಿ ಗೂಡಿನ ಪಕ್ಕ ಕೂತಿದ್ದಳು.

‘ಒಲಿ ಹತ್ತಿ ಎಷ್ಟು ದಿನ ಆತವ್ವ?’ ಎಂದೆ.

‘ಮೊನ್ನೆ ಮುಂಜಾನಿ ಹತ್ತಿದ್ದು. ಆಮ್ಯಾಲ ಇಲ್ರಿ.’

ನಾನು ಗಾದಿ ಎತ್ತಲೇ ಇಲ್ಲ. ‘ಹೋಗ್ಲಿ ಬಿಡು. ಮಳಿಗೆ ಯಾರೇನು ಮಾಡಾಕಾಗ್ತೈತಿ’ ಎಂದೆ.

‘ನೋಡದ ಯಾಕ ಹೋಗ್ಲಿ ಅಂತೀರಿ?’ ಎಂದು ಅವಳು ನನ್ನ ಕೈ ಹಿಡಿದು ಬುಟ್ಟಿಯೊಳಗೆ ಇಳಿಸಿದಳು.

ಬುಟ್ಟಿ ಬೆಚ್ಚಗಿತ್ತು. ಒಲೆ ಇಲ್ಲ, ಬಿಸಿ ಹೊಟ್ಟು ಇಲ್ಲ, ಎರಡು ದಿನದ ಮಳೆ, ಆದರೂ ಬುಟ್ಟಿ ಬೆಚ್ಚಗಿತ್ತು. ನನಗೆ ತಿಳಿಯಲಿಲ್ಲ.

‘ಒಲಿ ಆರಿದ ಮ್ಯಾಲ ಎರಡೂ ಬುಟ್ಯಾಗ ಕೈ ಹಾಕಿ ನೋಡಿದೆ. ಸಣ್ಣವು ತಣ್ಣಗಾಗಾಕತ್ತಿದ್ವು. ದೊಡ್ಡವು ತಮ್ಮಷ್ಟಕ್ಕ ತಾವು ಬಿಸಿ ಇದ್ವು, ನಾನೇನೂ ಬಿಸಿ ಇಟ್ಟಿರಲಿಲ್ಲ. ಒಳಗ ಮರಿ ದೊಡ್ಡದಾಗೈತಲ್ರಿ, ಜೀವ ಇದ್ದಲ್ಲಿ ಬಿಸಿ ಇರಬೇಕಲ್ಲ ಅನ್ನಿಸ್ತು. ಅದಕ್ಕ ಎಲ್ಲಾ ತಗದು ಒಂದ ಬುಟ್ಟಿಗೆ ಹಾಕಿದೆ. ಒಂದು ದೊಡ್ಡ ಗಂಟು, ಒಂದು ಸಣ್ಣ ಗಂಟು, ಮತ್ತೊಂದು ದೊಡ್ಡದು. ಮ್ಯಾಲ ಇದ್ದ ಗಾದಿ ಎಲ್ಲಾ ಹೊಚ್ಚಿದೆ. ದೊಡ್ಡವು ಸಣ್ಣವನ್ನ ಹಿಡ್ಕೊಂಡಾವ್ರಿ ಅಕ್ಕಾರ.’

ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ಬಲಿತ ಮೊಟ್ಟೆ ತನ್ನದೇ ಕಾವು ಕೊಡುತ್ತದೆಂಬ ಮಾತು ಬಸವನಗೌಡರು ಕೊಟ್ಟ ಹಾಳೆಗಳಲ್ಲೂ ಇತ್ತು, ಕೊನೆಯ ಹಾಳೆಯಲ್ಲಿ. ಮೊದಲ ಮೂರು ಹಾಳೆ ಸಾಕೆಂದು ನಾನು ಅದನ್ನು ಖಾಸಿಂಬಿಗೆ ಹೇಳಿಕೊಟ್ಟಿರಲಿಲ್ಲ. ಅವಳು ಮಳೆಯಲ್ಲಿ ಕೂತು ಅದನ್ನು ತಾನೇ ಕಂಡುಕೊಂಡಿದ್ದಳು. ಆ ಎರಡೂ ಸಾಲಿನ ಮೊಟ್ಟೆಗಳಿಂದ ಬಂದ ಮರಿಗಳು ಬೇರೆ ಸಲಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಅಲ್ಲಿಂದ ಮುಂದೆ ನಾವು ಹೊಟ್ಟು ಬಿಸಿಮಾಡುವುದು ಮೊದಲ ಕೆಲವು ದಿನಕ್ಕೆ ಮಾತ್ರ ಆಯಿತು. ಆಮೇಲೆ ಹಳೆಯ ಮೊಟ್ಟೆಗಳೇ ಹೊಸವಕ್ಕೆ ಕಾವು ಕೊಡುತ್ತಿದ್ದವು. ಸೌದೆಯ ಖರ್ಚು ಹೆಚ್ಚುಕಡಿಮೆ ನಿಂತೇಹೋಯಿತು.

ಬಸವನಗೌಡರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ವರದಿಯಾಗ ಆಕಿ ಹೆಸರು ಮೊದಲು ಬರಿ’ ಎಂದರು. ಬರೆದೆ. ಆ ವರದಿಯನ್ನು ನಾನು ಎರಡು ಸಲ ಓದಿ ಸಹಿ ಹಾಕಿದೆ.

ಮುಂದೆ ಸಿರುಗುಪ್ಪದ ಕಡೆ ಕೆಲಸ ಹಬ್ಬಿತು. ಕೆಂಚನಗುಡ್ಡದ ಹತ್ತಿರ ಹೊಳೆದಂಡೆಯ ಹೊಲಗಳಲ್ಲಿ, ಆಂಧ್ರದಿಂದ ಬಂದು ನೆಲೆನಿಂತವರ ಕ್ಯಾಂಪುಗಳಲ್ಲಿ ಭತ್ತವೇ ಭತ್ತ. ಅಲ್ಲಿ ಮೊದಲ ತರಬೇತಿಗೆ ಹಂಪಮ್ಮನನ್ನೂ ಖಾಸಿಂಬಿಯನ್ನೂ ಕರೆದುಕೊಂಡು ಹೋದೆ. ಹಂಪಮ್ಮ ಬಸ್ಸಿನಲ್ಲಿ ಕೇಳಿದಳು, ‘ಅಷ್ಟು ಮಂದಿ ಮುಂದ ನಾನೇನು ಹೇಳ್ಲಿಯವ್ವ? ನನ್ನ ತತ್ತಿ ಬೆಂದದ್ದು ಹೇಳ್ಲೇನು?’

‘ಅದನ್ನ ಮೊದಲು ಹೇಳು’ ಎಂದೆ.

ಅವಳು ಹೇಳಿದಳು, ನನ್ನ ಹೆಸರನ್ನು ಬಿಟ್ಟು. ನಾನು ಎದ್ದು ನನ್ನ ಹೆಸರನ್ನು ಸೇರಿಸಬೇಕಾಯಿತು. ಆಮೇಲೆ ನನ್ನ ಸರದಿ. ಕ್ಯಾಂಪಿನ ಹೆಂಗಸರಿಗೆ ತಿಳಿಯಲೆಂದು ನನ್ನ ಮುರುಕು ತೆಲುಗಿನಲ್ಲಿ ಶುರುಮಾಡಿದೆ. ತೆಲುಗಿನಲ್ಲಿ ಮೊಟ್ಟೆ ಎಂದರೆ ಗುಡ್ಡು, ಬಟ್ಟೆ ಎಂದರೆ ಗುಡ್ಡ, ನಾವು ನಿಂತ ಊರು ಕೆಂಚನಗುಡ್ಡ. ಮೊಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಬೇಕೆಂದು ಹೇಳಲು ಹೋಗಿ ಬಟ್ಟೆಯನ್ನು ಮೊಟ್ಟೆಯೊಳಗೆ ಕಟ್ಟಬೇಕೆಂದು ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಸುಸ್ತಾದರು. ಖಾಸಿಂಬಿ ಎದ್ದು ಬಂದು, ‘ನೀವು ಕುಂದರ್ರಿ ಅಕ್ಕಾರ’ ಎಂದು, ಸೊಗಸಾದ ತೆಲುಗಿನಲ್ಲಿ ಉಳಿದದ್ದನ್ನೆಲ್ಲ ಹೇಳಿಕೊಟ್ಟಳು. ಅವತ್ತಿನಿಂದ ಸಿರುಗುಪ್ಪದ ಕಡೆಗೆ ನಾನು ಹೋದದ್ದು ಹೆಚ್ಚಾಗಿ ಚೀಲ ಹೊರಲಿಕ್ಕೆ. ಅದರಿಂದ ನನಗೆ ಹಗುರವೇ ಆಯಿತು.

ಈಗ ಆ ಕ್ಯಾಂಪುಗಳಿಗೆ ಕರೆಂಟು ಬಂದಿದೆ. ಸಣ್ಣ ಯಂತ್ರಗಳು ಬಂದಿವೆ, ತಾವೇ ಮೊಟ್ಟೆ ಹೊರಳಿಸುತ್ತವೆ. ಕೊಳ್ಳಲು ಆಗುವವರು ಕೊಳ್ಳಲಿ ಎಂದು ನಾನೇ ಹೇಳಿದ್ದೇನೆ. ಹೊಟ್ಟಿನ ಬುಟ್ಟಿಯ ಮೇಲೆ ನನಗೆ ಹಟವೇನೂ ಇಲ್ಲ. ಆದರೆ ಹೊಲದ ಮನೆಗಳು ಈಗಲೂ ಇವೆ, ಕರೆಂಟು ಈಗಲೂ ಹೋಗುತ್ತದೆ. ಯಂತ್ರ ಇರುವ ಎಷ್ಟೋ ಮನೆಗಳಲ್ಲಿ ಪಕ್ಕದಲ್ಲೇ ಒಂದು ಬುಟ್ಟಿ, ಒಂದು ಗಾದಿ ಇರುತ್ತದೆ. ಹಂಪಮ್ಮ ಈಗ ಇಲ್ಲ. ಅವಳು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿಕಳಿಸಿದವರು ಅವತ್ತು ಮೊಟ್ಟೆ ಕಳೆದುಕೊಂಡ ಮನೆಗಳಲ್ಲಿ ಒಂದರವರು.

ನಿವೃತ್ತಿಯಾದ ವರ್ಷ ನನ್ನಲ್ಲಿ ಒಂದು ವಿಚಾರ ಹುಟ್ಟಿತು. ಇಷ್ಟು ವರ್ಷ ನಾನು ನೂರಾರು ಹೆಂಗಸರಿಗೆ ಇದನ್ನು ಹೇಳಿಕೊಟ್ಟೆ. ಆದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದು ಬುಟ್ಟಿಯ ಪಕ್ಕ ನಾನೇ ಎಂದಾದರೂ ಕೂತಿದ್ದೆನೇ? ಇಲ್ಲ. ಇಟ್ಟು ಬರುತ್ತಿದ್ದೆ, ನಡುವೆ ನೋಡಿ ಬರುತ್ತಿದ್ದೆ, ಮರಿಯಾದಾಗ ಹೋಗಿ ಫೋಟೋ ತೆಗೆಸಿಕೊಳ್ಳುತ್ತಿದ್ದೆ. ಖಾಸಿಂಬಿಯಿಂದ ಮೂವತ್ತು ಮೊಟ್ಟೆ, ಒಂದು ಗಾದಿ ತರಿಸಿದೆ. ಬಳ್ಳಾರಿಯ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬುಟ್ಟಿ ಇಟ್ಟೆ.

ಮೊದಲ ನಾಲ್ಕು ದಿನ ಉಮೇದಿನಲ್ಲಿ ಕಳೆಯಿತು. ಐದನೆಯ ದಿನಕ್ಕೆ ಸೊಂಟ ಹಿಡಿಯಿತು. ಮಾರ್ಕೆಟ್ಟಿಗೆ ಹೋದರೆ ಮೊಟ್ಟೆ ಹೊರಳಿಸುವ ಹೊತ್ತಿಗೆ ಓಡಿ ಬರಬೇಕು. ಯಾರಾದರೂ ಮನೆಗೆ ಬಂದರೆ ಮಾತಿನ ನಡುವೆ ಎದ್ದು ಹೋಗಬೇಕು. ತಂಗಿಯ ಮಗಳ ಮದುವೆಗೆ ಒಂದು ಹಗಲು ಮಾತ್ರ ಹೋಗಿ ಬಂದೆ. ‘ಮೊಟ್ಟಿ ಸಲುವಾಗಿ ಮದುವಿ ಬಿಡ್ತಾರೇನಕ್ಕ?’ ಎಂದು ತಂಗಿ ನೊಂದುಕೊಂಡಳು. ತರಬೇತಿಯ ಕರಪತ್ರದಲ್ಲಿ ‘ಮನೆಗೆಲಸದ ನಡುವೆಯೇ ಮಹಿಳೆ ಇದನ್ನು ಸುಲಭವಾಗಿ ಮಾಡಬಹುದು’ ಎಂದು ಬರೆದವಳು ನಾನೇ. ಖಾಸಿಂಬಿ ಇದನ್ನು ಮಕ್ಕಳನ್ನು ಸಾಕುತ್ತಾ, ಕೂಲಿಗೆ ಹೋಗುತ್ತಾ, ಸೋರುವ ಮನೆಯಲ್ಲಿ ಮಾಡಿದ್ದಳು. ಒಂದು ದಿನವೂ ಸುಲಭವಲ್ಲ ಎಂದು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಇಪ್ಪತ್ತನೆಯ ದಿನ ಮಧ್ಯಾಹ್ನ ಚಿಪ್ಪುಗಳು ಬಿರಿಯತೊಡಗಿದವು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆಗೆ ಹದಿನೆಂಟು ಮರಿ ಹೊರಬಂದಿದ್ದವು. ಉಳಿದವುಗಳಲ್ಲಿ ಒಂದು ಮಾತ್ರ ಸಣ್ಣ ತೂತು ಮಾಡಿಕೊಂಡು ಅಲ್ಲಿಗೇ ನಿಂತಿತ್ತು. ತೂತಿನಲ್ಲಿ ಕೊಕ್ಕಿನ ತುದಿ ಆಡುವುದು ಕಾಣುತ್ತಿತ್ತು. ಒಂದು ತಾಸು ನೋಡಿದೆ, ಎರಡು ತಾಸು ನೋಡಿದೆ. ಕೈ ಅದರ ಹತ್ತಿರ ಹೋಗಿ ಹೋಗಿ ಬಂತು. ಕೊನೆಗೆ ಖಾಸಿಂಬಿಗೆ ಫೋನ್ ಮಾಡಿದೆ.

‘ಚಿಪ್ಪು ಸ್ವಲ್ಪ ಬಿಡಿಸಿಬಿಡ್ಲೇನವ್ವ?’

‘ಬ್ಯಾಡ್ರಿ ಅಕ್ಕಾರ. ಒಳಗ ಇನ್ನೂ ರಕ್ತ ಎಳಕೊಳ್ಳಾಕತ್ತಿರತೈತಿ. ಚಿಪ್ಪು ಹರಿದ್ರ ಅದು ಉಳಿಯಂಗಿಲ್ಲ. ನೀವ ಹೇಳಿಕೊಟ್ಟಿದ್ದಲ್ರಿ ಇದು.’

‘ಹೇಳೋದು ಸುಲಭ ಇತ್ತವ್ವ.’

ಅವಳು ನಕ್ಕಳು. ‘ಫೋನ್ ಇಡಬ್ಯಾಡ್ರಿ. ಮಾತಾಡ್ರಿ ನನ್ನ ಜೊತಿ. ಮಾತಾಡ್ಕೋತ ಕುಂತ್ರ ಕೈ ಹೋಗಂಗಿಲ್ಲ.’

ಹಾಗೆಯೇ ಕೂತು ಮಾತಾಡಿದೆವು. ರಾಜಾಸಾಬನ ಮೊಣಕಾಲು ನೋವು, ಈ ವರ್ಷದ ಹತ್ತಿ, ಸೊಸೆಗೆ ಕುರುಗೋಡಿನ ಶಾಲೆಯಲ್ಲಿ ಅಡುಗೆ ಕೆಲಸ ಸಿಕ್ಕಿದ್ದು, ಆ ಮಳೆ, ಹಂಪಮ್ಮ. ಇಷ್ಟು ವರ್ಷದ ಪರಿಚಯದಲ್ಲಿ ಕೆಲಸದ ಮಾತು ಬಿಟ್ಟು ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ನಾನು ಮೊದಲೇ ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಿದೆ. ‘ನೀನು ಮಾಡಿದ್ದು ಸಣ್ಣ ಕೆಲಸ ಅಲ್ಲವ್ವ. ಈ ಇಪ್ಪತ್ತೊಂದು ದಿನದಾಗ ನನಗ ಗೊತ್ತಾತು.’

ಅಷ್ಟರಲ್ಲಿ ಮೊಟ್ಟೆ ಅಲುಗಿತು. ತೂತಿನಿಂದ ಒಂದು ಗೆರೆ ಸುತ್ತ ಹರಿದು, ಚಿಪ್ಪಿನ ಟೋಪಿ ಕಳಚಿತು. ಒದ್ದೆ ಮರಿ ಹೊಟ್ಟಿನ ಮೇಲೆ ಉರುಳಿ ಬಿತ್ತು. ನಾನು ಫೋನನ್ನು ಅದರ ಹತ್ತಿರ ಹಿಡಿದೆ. ಅದು ಒಮ್ಮೆ ಕೂಗಿತು.

‘ಬಂತ್ರಿ ಅಕ್ಕಾರ’ ಎಂದಳು ಖಾಸಿಂಬಿ.